ಬಾನಿನಿಂದ ಇಳಿದ ಗೋಲ ಮತ್ತು ರೈತನ ಹೊಲ

2022ರ ಡಿಸೆಂಬರ್ 7ರಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲ ಗ್ರಾಮದ ಹೊಲವೊಂದಕ್ಕೆ ವಿಚಿತ್ರಾಕಾರದ ದೊಡ್ಡ ಗೋಲವೊಂದು ಆಕಾಶದಿಂದ ಬಂದಿಳಿಯಿತು. ಸುತ್ತಲಿನ ಊರುಗಳ ಜನ ಗುಂಪುಗೂಡಿದರು; ಹಾರುವ ತಟ್ಟೆಯೆಂದು ಕೆಲವರು ಬಗೆದರು. ಸತ್ಯ ಸಂಗತಿ ಬೇರೆಯಾಗಿತ್ತು. ಹಣವುಳ್ಳ ಪ್ರವಾಸಿಗರನ್ನು ವಾಯುಮಂಡಲದ ಮೇಲ್ತುದಿಗೆ ಕರೆದೊಯ್ಯುವ ಉದ್ದೇಶದಿಂದ ಸ್ಪೇನ್ ದೇಶದ ಹ್ಯಾಲೋ ಸ್ಪೇಸ್ ಎಂಬ ಖಾಸಗಿ ಸಂಸ್ಥೆ ರೂಪಿಸಿದ ಕೋಶದ ಮೊದಲ ಮಾದರಿ ಅದು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರದಿಂದ ಮೇಲೆದ್ದ ಆ ಕೋಶ, ಸುಮಾರು 37 ಕಿ.ಮೀ. ಎತ್ತರ ಮುಟ್ಟಿ ಕೆಲವು ಗಂಟೆಗಳಲ್ಲಿ ನೆಲ ಸೇರಿತು. ಪರೀಕ್ಷಾರ್ಥ ಹಾರಾಟವಾದ್ದರಿಂದ ಒಳಗೆ ಮನುಷ್ಯರಿರಲಿಲ್ಲ. ಮುಂದೆ ಎಂಟು ಪ್ರಯಾಣಿಕರು ಮತ್ತು ಒಬ್ಬ ಚಾಲಕ ಅದರಲ್ಲಿ ಕೂರಬೇಕೆಂಬುದು ಸಂಸ್ಥೆಯ ಯೋಜನೆ.

ಅದೇ ದಿನಗಳಲ್ಲಿ ಜತ್ತ ತಾಲೂಕಿನ ಹೆಸರೂ ಪತ್ರಿಕೆಗಳ ಮುಖಪುಟದಲ್ಲಿತ್ತು. ಕುಡಿಯುವ ನೀರಿಗಾಗಿ ಕರ್ನಾಟಕವನ್ನು ಸೇರುತ್ತೇವೆಂದು ಇಲ್ಲಿನ ಗ್ರಾಮಗಳು ಹಿಂದೆ ಮಾಡಿದ್ದ ಠರಾವುಗಳ ಮಾತು ಎರಡು ರಾಜ್ಯಗಳ ಮುಖ್ಯಮಂತ್ರಿಗಳವರೆಗೂ ಮುಟ್ಟಿತ್ತು. ಒಂದು ಕಡೆ ಆಕಾಶದ ಅಂಚನ್ನು ಕಾಣುವ ಹಂಬಲ, ಇನ್ನೊಂದು ಕಡೆ ಕೊಳವೆಬಾವಿಯ ಆಳದಲ್ಲಿ ನೀರು ಕಾಣುವ ಹಂಬಲ. ಇವೆರಡಕ್ಕೂ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಆಕಾಶಕ್ಕೆ ಏರಿದ್ದು ಎಲ್ಲಿಯೋ ಒಂದು ಕಡೆ ಇಳಿಯಲೇಬೇಕು. ದಖ್ಖನ್ ಪೀಠಭೂಮಿಯಲ್ಲಿ ಹಾಗೆ ಇಳಿಯುವ ಜಾಗ ಬಹುತೇಕ ಯಾರೋ ಒಬ್ಬ ರೈತನ ಹೊಲವೇ ಆಗಿರುತ್ತದೆ.

ಈ ಬಲೂನುಗಳ ರಚನೆ ಸರಳವಾದುದು. ತೆಳುವಾದ ಪಾಲಿಥಿನ್ ಹಾಳೆಯಿಂದ ಮಾಡಿದ ಬೃಹತ್ ಚೀಲಕ್ಕೆ ಹೈಡ್ರೋಜನ್ ತುಂಬುತ್ತಾರೆ. ಅದರ ಕೆಳಗೆ ಪ್ಯಾರಾಚೂಟ್, ಅದರ ಕೆಳಗೆ ಉಪಕರಣ. ಕಾರ್ಯ ಮುಗಿದ ಮೇಲೆ ದೂರಸಂದೇಶದಿಂದ ಬಲೂನನ್ನು ಬೇರ್ಪಡಿಸಿದರೆ ಉಪಕರಣ ಪ್ಯಾರಾಚೂಟಿನ ಆಸರೆಯಲ್ಲಿ ಇಳಿಯುತ್ತದೆ. ದಾರಿಯನ್ನು ನಿರ್ಣಯಿಸುವುದು ಗಾಳಿ. ಗಾಳಿಗೆ ರಾಜ್ಯದ ಗಡಿಯಿಲ್ಲ. 2025ರ ಜನವರಿಯಲ್ಲಿ ಹೈದರಾಬಾದಿನದೇ ಸಂಶೋಧನಾ ಬಲೂನೊಂದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಜಲಸಂಗಿ ಗ್ರಾಮದಲ್ಲಿ ಮನೆಯೊಂದರ ಮೇಲೆ ಬಿದ್ದು ಜನರನ್ನು ಗಾಬರಿಗೊಳಿಸಿತು. ಹೈದರಾಬಾದಿನಿಂದ ಜತ್ತಕ್ಕೆ ನೇರ ಅಂತರ ಸುಮಾರು 350 ಕಿ.ಮೀ.

ಇಂಥ ಹಾರಾಟಗಳನ್ನು ಹಳಿಯುವುದು ಉಚಿತವಲ್ಲ. 2005ರಲ್ಲಿ ಇದೇ ಕೇಂದ್ರದಿಂದ ಏರಿದ ಬಲೂನು ತಂದ ಗಾಳಿಯ ಮಾದರಿಗಳಿಂದ ವಿಜ್ಞಾನಿಗಳು ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳನ್ನು ಗುರುತಿಸಿದರು. ಒಂದಕ್ಕೆ ಇಸ್ರೋ ಹೆಸರನ್ನೂ ಇನ್ನೊಂದಕ್ಕೆ ಆರ್ಯಭಟನ ಹೆಸರನ್ನೂ ಇಟ್ಟರು. ಖಾಸಗಿ ಸಾಹಸವೂ ಈ ರಾಜ್ಯಕ್ಕೆ ಹೊಸದಲ್ಲ. 2005ರ ನವೆಂಬರ್ 26ರಂದು ರೇಮಂಡ್ ಸಮೂಹದ ವಿಜಯಪತ್ ಸಿಂಘಾನಿಯಾ ತಮ್ಮ 67ನೆಯ ವಯಸ್ಸಿನಲ್ಲಿ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಿಂದ ಬಿಸಿಗಾಳಿಯ ಬಲೂನಿನಲ್ಲಿ ಮೇಲೇರಿ, 21,027 ಮೀಟರ್ ಎತ್ತರ ಮುಟ್ಟಿ ವಿಶ್ವದಾಖಲೆ ಸ್ಥಾಪಿಸಿದರು. ಅವರು ಇಳಿದದ್ದು ನಾಸಿಕ ಜಿಲ್ಲೆಯ ಪಾಂಚಾಳೆ ಗ್ರಾಮದ ಬಳಿ. ಅಮೆರಿಕದಲ್ಲಿ ಇಂಥ ಪ್ರಯೋಗಗಳಿಗೆ ವಿಶಾಲವಾದ ಮರುಭೂಮಿಯಿದೆ. 2012ರಲ್ಲಿ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಸುಮಾರು 39 ಕಿ.ಮೀ. ಎತ್ತರದ ಬಲೂನಿನಿಂದ ಜಿಗಿದು ಇಳಿದದ್ದೂ, 2021ರ ಜುಲೈಯಲ್ಲಿ ರಿಚರ್ಡ್ ಬ್ರಾನ್ಸನ್ ಅವರೊಡನೆ ಆಂಧ್ರ ಮೂಲದ ಶಿರೀಷಾ ಬಂಡ್ಲಾ ಹಾರಿ ಮರಳಿದ್ದೂ ನ್ಯೂ ಮೆಕ್ಸಿಕೋದ ಬಯಲಿನಲ್ಲಿ. ದಖ್ಖನ್ನಿನಲ್ಲಿ ಅಂಥ ಬಯಲಿಲ್ಲ. ಜೋಳ, ದಾಳಿಂಬೆ, ದ್ರಾಕ್ಷಿಯ ತೋಟಗಳಿವೆ, ಮಾಡಗ್ಯಾಳ ತಳಿಯ ಕುರಿಹಿಂಡುಗಳಿವೆ.

ಆದ್ದರಿಂದ ಕಾನೂನಿನ ಪ್ರಶ್ನೆ ಏಳುತ್ತದೆ. ಬಾನಿನಿಂದ ಬಿದ್ದ ವಸ್ತುವಿನಿಂದ ಬೆಳೆ, ಮನೆ ಅಥವಾ ಜೀವಕ್ಕೆ ಹಾನಿಯಾದರೆ ಹೊಣೆ ಯಾರದು?

1972ರ ಅಂತಾರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ, ಬಾಹ್ಯಾಕಾಶದ ವಸ್ತುವೊಂದು ಭೂಮಿಯ ಮೇಲೆ ಉಂಟುಮಾಡಿದ ಹಾನಿಗೆ ಅದನ್ನು ಉಡಾಯಿಸಿದ ದೇಶವೇ ತಪ್ಪು-ಒಪ್ಪುಗಳ ವಿಚಾರವಿಲ್ಲದೆ ಹೊಣೆ. 1978ರಲ್ಲಿ ಸೋವಿಯತ್ ಉಪಗ್ರಹ ಕಾಸ್ಮೋಸ್ 954 ಕೆನಡಾದ ಮೇಲೆ ಬಿದ್ದಾಗ, ಆ ದೇಶ 30 ಲಕ್ಷ ಕೆನಡಾ ಡಾಲರ್ ಪರಿಹಾರ ಪಡೆಯಿತು. 2022ರ ಏಪ್ರಿಲ್ 2ರ ರಾತ್ರಿ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನಲ್ಲಿ ಬಿದ್ದ ಲೋಹದ ಬಳೆ, ಗೋಲಗಳು ಚೀನಾ ರಾಕೆಟ್ಟಿನ ಅವಶೇಷಗಳೆಂದು ತಜ್ಞರು ಅಂದಾಜಿಸಿದರು; ಅಂಥವು ಈ ಒಪ್ಪಂದದ ವ್ಯಾಪ್ತಿಗೆ ಬರುತ್ತವೆ. ಆದರೆ ಅದರ ಏಳನೆಯ ವಿಧಿಯನ್ನು ಗಮನಿಸಬೇಕು: ಉಡಾಯಿಸಿದ ದೇಶದ ಪ್ರಜೆಗಳಿಗೇ ಆದ ಹಾನಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಭಾರತದ ರಾಕೆಟ್ ಭಾರತದ ರೈತನಿಗೆ ಹಾನಿ ಮಾಡಿದರೆ ಅವನು ದೇಶದ ಒಳಗಿನ ಕಾನೂನನ್ನೇ ಆಶ್ರಯಿಸಬೇಕು. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲಿ ಪ್ರಕಟವಾಯಿತು, 2023ರಲ್ಲಿ ಬಾಹ್ಯಾಕಾಶ ನೀತಿಯೂ ಬಂದಿತು. ನೀತಿಯೆಂಬುದು ಕಾಯಿದೆಯಲ್ಲ.

ಬಲೂನಿನ ಸ್ಥಿತಿ ಮತ್ತೂ ಭಿನ್ನ. ಬಾಹ್ಯಾಕಾಶದ ಆರಂಭವನ್ನು ಸಾಮಾನ್ಯವಾಗಿ 100 ಕಿ.ಮೀ. ಎತ್ತರಕ್ಕೆ ಎಣಿಸುತ್ತಾರೆ, 37 ಕಿ.ಮೀ. ಏರಿದ ಕೋಶ ಅದಕ್ಕಿಂತ ಬಹಳ ಕೆಳಗಿನದು. 1934ರ ವಿಮಾನ ಅಧಿನಿಯಮವು ಬಲೂನನ್ನೂ ವಿಮಾನವೆಂದೇ ಕರೆದಿತ್ತು. ಈಗ ಅದರ ಸ್ಥಾನದಲ್ಲಿ 2024ರ ಭಾರತೀಯ ವಾಯುಯಾನ ಅಧಿನಿಯಮವಿದೆ. ಹೊಲದ ಮೇಲೆ ತಕ್ಕ ಎತ್ತರದಲ್ಲಿ ಹಾರಿತೆಂಬ ಒಂದೇ ಕಾರಣಕ್ಕೆ ದಾವೆ ಹೂಡಲಾಗದೆಂದು ಹಳೆಯ ಕಾಯಿದೆ ಹೇಳಿತ್ತು. ಹಾರುವುದು ಬೇರೆ, ಬಿದ್ದು ಕೆಡಿಸುವುದು ಬೇರೆ. ಬಿದ್ದು ಹಾನಿಯಾದರೆ ನಷ್ಟ ಪರಿಹಾರದ ಸಾಮಾನ್ಯ ಸಿವಿಲ್ ದಾರಿ ತೆರೆದೇ ಇರುತ್ತದೆ. ದೆಹಲಿಯ ಅನಿಲ ಸೋರಿಕೆಗೆ ಸಂಬಂಧಿಸಿದ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪಾಯಕರ ಉದ್ಯಮ ನಡೆಸುವವರು ಅದರಿಂದಾದ ಹಾನಿಗೆ ಸಂಪೂರ್ಣ ಹೊಣೆಗಾರರು ಎಂದಿತು. ಜನರನ್ನು ಹೊತ್ತ ಕೋಶ ಊರುಗಳ ಮೇಲೆ ಹಾರುವ ಕಾಲ ಬಂದರೆ ಈ ತತ್ತ್ವ ಅದಕ್ಕೂ ಅನ್ವಯಿಸಬೇಕೆ ಎಂಬುದನ್ನು ಅಪಘಾತವಾದ ಮೇಲಲ್ಲ, ಅನುಮತಿ ನೀಡುವ ಮೊದಲೇ ನಿರ್ಧರಿಸುವುದು ನ್ಯಾಯ.

ಎರಡನೆಯ ಪ್ರಶ್ನೆ ಭಾಷೆಯದು. ಹೈದರಾಬಾದಿನ ಕೇಂದ್ರ ಹಾರಾಟದ ಋತುವಿಗೆ ಮುನ್ನ ಸಾರ್ವಜನಿಕ ಸೂಚನೆ ಹೊರಡಿಸುತ್ತದೆ: ಉಪಕರಣ ಕಂಡವರು ಮುಟ್ಟಬಾರದು, ಬಿಚ್ಚಬಾರದು, ಪೊಲೀಸರಿಗೋ ಅಂಚೆ ಕಚೇರಿಗೋ ತಿಳಿಸಬೇಕು, ಹಾಗೆ ತಿಳಿಸಿದವರಿಗೆ ಬಹುಮಾನವಿದೆ. ವಿವೇಕಯುತವಾದ ಸೂಚನೆಯೇ ಸರಿ. ಆದರೆ ಸೂಚನೆಯ ಸಾರ್ಥಕತೆ ಅದು ಓದುವವನಿಗೆ ಅರ್ಥವಾಗುವುದರಲ್ಲಿದೆ. ಉಮದಿ, ಸಂಖ, ಗುಡ್ಡಾಪುರದ ಕಡೆ ಕನ್ನಡದಲ್ಲೇ ಬಾಳುವ ಕುರಿಗಾಹಿಗೆ ಮರಾಠಿ ಅಥವಾ ಇಂಗ್ಲಿಷಿನ ಪ್ರಕಟಣೆ ಎಚ್ಚರಿಕೆಯಾಗಲಾರದು. ಗಡಿನಾಡಿನಲ್ಲಿ ಇಂಥ ಸೂಚನೆಗಳು ಗ್ರಾಮ ಪಂಚಾಯತಿಯ ಫಲಕದ ಮೇಲೆ ಕನ್ನಡದಲ್ಲಿಯೂ ಇರಬೇಕೆಂದು ಕೇಳುವುದು ಉಪಕಾರದ ಯಾಚನೆಯಲ್ಲ. ಅದು ಪ್ರಾಣರಕ್ಷಣೆಯ ಮಾತು.

ಅಂಥ ಘಟನೆ ಸಂಭವಿಸಿದರೆ ಜತ್ತದ ರೈತನು ಮಾಡಬೇಕಾದುದು ಇಷ್ಟು. ವಸ್ತುವಿನಿಂದ ದೂರವಿರಬೇಕು, ಪೊಲೀಸ್ ಪಾಟೀಲರಿಗೆ ತಿಳಿಸಬೇಕು, ಬೆಳೆಯ ಹಾನಿಯ ಛಾಯಾಚಿತ್ರ ತೆಗೆದು, ತಲಾಠಿಯವರಿಂದ ಪಂಚನಾಮೆ ಮಾಡಿಸಿ, ಸಾತ್‌ಬಾರಾ ಉತಾರೆಯೊಡನೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಅರ್ಜಿ ಕನ್ನಡದಲ್ಲಿರಬಹುದು. ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ನೀಡಿದೆ. ಕನ್ನಡದ ಅರ್ಜಿಯೆಂಬ ಕಾರಣಕ್ಕೆ ಅದನ್ನು ಮರಳಿಸುವ ಅಧಿಕಾರ ಯಾವ ಕಚೇರಿಗೂ ಇಲ್ಲ.