ಡಾಂಬರು ಮಿಶ್ರಣಕ್ಕೆ ಎಷ್ಟು ಸುತ್ತು?

ಡಾಂಬರು ರಸ್ತೆ ಮುಖ್ಯವಾಗಿ ಎರಡು ಬಗೆಯಲ್ಲಿ ಕೆಡುತ್ತದೆ. ಮಿಶ್ರಣದಲ್ಲಿ ಡಾಂಬರು ಹೆಚ್ಚಾದರೆ ಲಾರಿಗಳ ಚಕ್ರ ಹಾಯುವಲ್ಲಿ ತಗ್ಗು ಬೀಳುತ್ತದೆ. ಕಡಿಮೆಯಾದರೆ ಪದರ ಬೇಗ ಪೆಡಸಾಗಿ ಬಿರುಕು ಬಿಡುತ್ತದೆ. ಈ ಎರಡು ಕೇಡುಗಳ ನಡುವಿನ ಆಯ್ಕೆ ಪ್ರಯೋಗಾಲಯದ ಒಂದು ಸಂಖ್ಯೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಅಮೆರಿಕದ ಹಲವು ರಾಜ್ಯಗಳು ಈಗ ಆ ಸಂಖ್ಯೆಯನ್ನು ಇಳಿಸಿವೆ.

1987ರಿಂದ 1993ರವರೆಗೆ ಅಲ್ಲಿ ನಡೆದ ಹೆದ್ದಾರಿ ಸಂಶೋಧನಾ ಯೋಜನೆಯು ‘ಸೂಪರ್‌ಪೇವ್’ ಪದ್ಧತಿಯನ್ನು ರೂಪಿಸಿತು. ಅದರ ಯಂತ್ರವು ಓರೆಯಾಗಿ ತಿರುಗುವ ಅಚ್ಚಿನಲ್ಲಿ ಬಿಸಿ ಮಿಶ್ರಣವನ್ನು 600 ಕಿಲೋಪಾಸ್ಕಲ್ ಒತ್ತಡದಿಂದ ನಿಮಿಷಕ್ಕೆ 30 ಸುತ್ತಿನಂತೆ ಅದುಮುತ್ತದೆ. ನಿಗದಿತ ಸುತ್ತುಗಳು ಮುಗಿದಾಗ ಶೇ. 4ರಷ್ಟು ಗಾಳಿ ಉಳಿಯುವಂತೆ ಡಾಂಬರಿನ ಪ್ರಮಾಣವನ್ನು ನಿರ್ಧರಿಸುತ್ತಾರೆ. 20 ವರ್ಷಗಳ ಸಂಚಾರದ ಅಂದಾಜಿಗೆ ಅನುಗುಣವಾಗಿ 50, 75, 100, 125 ಎಂಬ ನಾಲ್ಕು ಹಂತಗಳು ಬಳಕೆಗೆ ಬಂದವು.

ತೊಡಕು ಇಲ್ಲಿಯೇ ಇದೆ. ಸುತ್ತು ಹೆಚ್ಚಿದಷ್ಟೂ ಜಲ್ಲಿ ಒತ್ತಾಗಿ ಕೂರುವುದರಿಂದ ಕಡಿಮೆ ಡಾಂಬರೇ ಸಾಕೆನಿಸುತ್ತದೆ. ಅಂಥ ಬಿಗಿಯಾದ ಮಿಶ್ರಣ ರಸ್ತೆಯ ಮೇಲೆ ರೋಲರಿಗೆ ಸುಲಭವಾಗಿ ಮಣಿಯದು. ಹೆಚ್ಚು ಉಳಿದ ಗಾಳಿಯ ಜೊತೆಗೆ ನೀರೂ ಒಳಹೊಕ್ಕು ಪದರದ ಆಯುಷ್ಯವನ್ನು ಕುಗ್ಗಿಸುತ್ತದೆ. 16 ರಾಜ್ಯಗಳ 40 ಕಾಮಗಾರಿಗಳನ್ನು ಅನುಸರಿಸಿ 2007ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯು, ರಸ್ತೆ ಸುಮಾರು ಎರಡು ವರ್ಷಗಳಲ್ಲಿ ತನ್ನ ಅಂತಿಮ ಸಾಂದ್ರತೆಯನ್ನು ಮುಟ್ಟುತ್ತದೆಂದೂ ಅದಕ್ಕೆ ಸರಿಹೊಂದುವ ಸುತ್ತುಗಳು ಬಹುಪಾಲು ಕಡೆ ಕೋಷ್ಟಕಕ್ಕಿಂತ ಕಡಿಮೆಯೆಂದೂ ತೋರಿಸಿತು. ಇಂಡಿಯಾನಾ ರಾಜ್ಯ ಇನ್ನೂ ಮುಂದೆ ಹೋಗಿ, ಪ್ರಯೋಗಾಲಯದಲ್ಲಿಯೂ ರಸ್ತೆಯಲ್ಲಿಯೂ ಶೇ. 5ರಷ್ಟೇ ಗಾಳಿ ಇರಬೇಕೆಂಬ ಗುರಿಯನ್ನು ಇಟ್ಟುಕೊಂಡಿತು.

ಆದರೆ ಸಂಖ್ಯೆಯನ್ನು ಇಳಿಸಿದ ಮಾತ್ರಕ್ಕೆ ರಸ್ತೆ ಸುಧಾರಿಸದು. ಗುತ್ತಿಗೆದಾರನು ಜಲ್ಲಿಯ ಗಾತ್ರಗಳ ಹಂಚಿಕೆಯನ್ನು ಬದಲಿಸಿ, ಕಡಿಮೆ ಸುತ್ತಿನಲ್ಲಿಯೂ ಡಾಂಬರನ್ನು ಉಳಿಸಬಲ್ಲ. ಔಷಧದ ಪ್ರಮಾಣವನ್ನು ಚೀಟಿಯಲ್ಲಿ ತಿದ್ದಿದರೆ ಸಾಲದು, ರೋಗಿಯ ದೇಹದಲ್ಲಿ ಅದರ ಪರಿಣಾಮವನ್ನು ಅಳೆಯಬೇಕಷ್ಟೆ. ಹಾಗೆಯೇ ತಗ್ಗು ಬೀಳುವ ಗುಣವನ್ನು ಚಕ್ರದ ಪರೀಕ್ಷೆಯಿಂದ, ಬಿರುಕಿನ ಗುಣವನ್ನು ಬೇರೊಂದು ಪರೀಕ್ಷೆಯಿಂದ ನೇರವಾಗಿ ಅಳೆಯುವ ‘ಸಮತೋಲಿತ ವಿನ್ಯಾಸ’ದತ್ತ ಈ ರಾಜ್ಯಗಳು ಹೊರಳುತ್ತಿರುವುದು ಸರಿಯಾದ ಹೆಜ್ಜೆ.

ಭಾರತದ ಕೇಂದ್ರ ಸಾರಿಗೆ ಸಚಿವಾಲಯದ ನಿಯಮಾವಳಿ ಇಂದಿಗೂ ಮಾರ್ಷಲ್ ಪದ್ಧತಿಯದು: ಮಾದರಿಯ ಎರಡೂ ಬದಿಗೆ 75 ಸುತ್ತಿಗೆ ಏಟು. ಕರ್ನಾಟಕದ ಹೆದ್ದಾರಿಗಳಿಗೂ ಇದೇ ಅಳತೆ. ಏಟಾಗಲಿ ಸುತ್ತಾಗಲಿ, ಅದು ಭವಿಷ್ಯದ ಸಂಚಾರದ ಕುರಿತ ಊಹೆ. ಹಾಸಿದ ರಸ್ತೆಯಿಂದ ತುಣುಕು ಕೊರೆದು ತೆಗೆದು ಸಾಂದ್ರತೆಯನ್ನು ಅಳೆದು, ಆ ಅಂಕಿಯನ್ನು ಸಾರ್ವಜನಿಕರ ಮುಂದಿಟ್ಟಾಗಲೇ ಊಹೆ ಎಷ್ಟು ಸರಿಯಿತ್ತೆಂದು ತಿಳಿಯುವುದು. ತೆರಿಗೆ ಕೊಡುವವರು ಕೇಳಬೇಕಾದುದು ಆ ಅಂಕಿಯನ್ನು.