ಮಳೆ ಬಂದಿದ್ದೂ ನನ್ನ ತಪ್ಪೇ?

ಅಲ್ಲಾ ಸ್ವಾಮಿ, ಸಿಗ್ನಲ್ ಹಾರಿಸಿ ಗುದ್ದಿದವನಿಗೂ, ಮನೆ ಮುಂದೆ ನಿಲ್ಲಿಸಿದ್ದ ಕಾರಿನ ಮೇಲೆ ಮಳೆಗೆ ಮರ ಬಿದ್ದವನಿಗೂ ಒಂದೇ ಶಿಕ್ಷೆ ಅಂದ್ರೆ ಇದ್ಯಾವ ನ್ಯಾಯ?

ನಮ್ಮ ಕಾರು ವಿಮೆಯಲ್ಲಿ ನೋ ಕ್ಲೇಮ್ ಬೋನಸ್ ಅಂತ ಒಂದಿದೆ. ಕ್ಲೇಮ್ ಮಾಡದಿದ್ರೆ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ವರ್ಷ ವರ್ಷ ಶೇ. 20, 25, 35, 45, ಕೊನೆಗೆ 50 ರಿಯಾಯಿತಿ. ಒಂದು ಕ್ಲೇಮ್ ಮಾಡಿ ನೋಡಿ, ಸೊನ್ನೆ! ತಪ್ಪು ಯಾರದ್ದು ಅಂತ ಕೇಳೋ ಇಫ್ ಕಂಡೀಷನ್ನೇ ಈ ಪ್ರೋಗ್ರಾಮಿನಲ್ಲಿಲ್ಲ.

ಲೆಕ್ಕ ಹಾಕಿ. ರಿಯಾಯಿತಿಗೆ ಮುಂಚೆ ಆ ಪ್ರೀಮಿಯಂ 10,000 ಅಂತಿಟ್ಕೊಳ್ಳಿ (ಕಾರಿನ ಬೆಲೆ ಇಳಿಯೋದು ಸದ್ಯಕ್ಕೆ ಬಿಡಿ). ಶೇ. 50ರಲ್ಲಿದ್ದವರು ಒಂದು ಕ್ಲೇಮ್ ಮಾಡಿ, ಮತ್ತೆ ಅಲ್ಲಿಗೇ ಮುಟ್ಟೋ ಹೊತ್ತಿಗೆ ಹೆಚ್ಚಿಗೆ ಕಟ್ಟೋದು: 5,000 + 3,000 + 2,500 + 1,500 + 500 = 12,500. ಒಡೆದ ಗಾಜಿಗೆ 12,000 ಕೊಟ್ಟಿದ್ರೆ ಅಷ್ಟೂ ವಾಪಸ್ ಹೋಯ್ತು! ಇದು ವಿಮೆಯೋ, ಕೈಸಾಲವೋ?

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನಿಂತಲ್ಲೇ ಕಾರುಗಳು ಮುಳುಗಿದವು. ರಾಜಕಾಲುವೆ ನುಂಗಿದವರ ಬೋನಸ್ ಭದ್ರ, ಮುಳುಗಿದವರದ್ದು ಸೊನ್ನೆ!

‘ಎನ್‌ಸಿಬಿ ಪ್ರೊಟೆಕ್ಟ್ ತಗೊಳ್ಳಿ’ ಅಂತಾರೆ. ಗಳಿಸಿದ ಬೋನಸ್ ಕಾಯೋಕೂ ಬೇರೆ ದುಡ್ಡು! ನೆರೆ, ಬಿರುಗಾಳಿ, ಮರ ಬಿದ್ದ ಕ್ಲೇಮುಗಳನ್ನ ಈ ಲೆಕ್ಕದಿಂದ ಹೊರಗಿಡಲಿ, ಅಷ್ಟೇ ನಾನು ಕೇಳ್ತಿರೋದು.

ಏನಂತೀರಿ?