ಹೆಸರಿಗೆ ಕಟ್ಟಿದ ಕೊಂಡಿ

ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಕವಿ ರವಿಕೀರ್ತಿ ಕಾಲವನ್ನು ಎರಡು ಲೆಕ್ಕದಲ್ಲಿ ಹೇಳುತ್ತಾನೆ: ಭಾರತಯುದ್ಧ ನಡೆದು 3735 ವರ್ಷ, ಶಕ 556. ಅಂದರೆ ಕ್ರಿ.ಶ. 634-35. ಜೊತೆಗೆ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮ ಎನ್ನುತ್ತಾನೆ. ಜಂಬದ ಮಾತು ನಿಜ. ಆದರೆ ಆ ಇಬ್ಬರು ಕವಿಗಳು ಆ ಕಾಲಕ್ಕಿಂತ ಈಚಿನವರಲ್ಲ ಎಂದು ವಿದ್ವಾಂಸರು ಖಚಿತವಾಗಿ ಹೇಳುವುದು ಆ ಜಂಬದ ಬಲದಿಂದಲೇ. ಕೃತಿಯಿಲ್ಲ, ಸರ್ಗವಿಲ್ಲ, ಪದ್ಯಸಂಖ್ಯೆಯಿಲ್ಲ. ಬರೀ ಹೆಸರು ಹಿಡಿದು ಮಾಡಿದ ಉಲ್ಲೇಖ ಹದಿಮೂರು ಶತಮಾನ ದಾಟಿ ಬಂದಿದೆ. ಆದರೆ ಹಳೆಯ ಪುಸ್ತಕಗಳು ಐಹೊಳೆಗೆ ಕೊಟ್ಟ ‘ಬಿಜಾಪುರ ಜಿಲ್ಲೆ’ ಎಂಬ ವಿಳಾಸ 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ತಪ್ಪಾಯಿತು. 2014ರಲ್ಲಿ ಬಿಜಾಪುರವೇ ವಿಜಯಪುರವಾಯಿತು. ಕಲ್ಲು ಮಾತ್ರ ಇದ್ದಲ್ಲೇ ಇದೆ.

ತಂತ್ರಾಂಶದ ಕೈಪಿಡಿ ಬರೆಯುವವರ ಕಷ್ಟವೂ ಇದೇ. ‘ಮೂರನೆಯ ಅಧ್ಯಾಯ ನೋಡಿ’ ಎಂದು ಬರೆದರೆ ಮುಂದಿನ ಆವೃತ್ತಿಯಲ್ಲಿ ಅದು ನಾಲ್ಕನೆಯದಾಗಿರುತ್ತದೆ. ಪೈಥಾನ್ ಭಾಷೆಯ ಕೈಪಿಡಿಗಾಗಿ ಹುಟ್ಟಿ 2008ರಲ್ಲಿ ಬಿಡುಗಡೆಯಾದ ಸ್ಫಿಂಕ್ಸ್ ಎಂಬ ತಂತ್ರಾಂಶ ಇದಕ್ಕೆ ಕಂಡುಕೊಂಡ ಉಪಾಯ, ವಿಭಾಗದ ತಲೆಯ ಮೇಲೊಂದು ಗುರುತುಹೆಸರು ಇಡುವುದು. ಕೊಂಡಿ ಆ ಹೆಸರಿಗೆ. ವಿಭಾಗ ಯಾವ ಪುಟಕ್ಕೆ ಹೋದರೂ ಅದು ಹಿಂಬಾಲಿಸುತ್ತದೆ. ಬೇರೆ ಯೋಜನೆಯ ಕೈಪಿಡಿಗೆ ಕೊಂಡಿ ಹಾಕಬೇಕೆಂದರೆ, ಆ ಯೋಜನೆ ತನ್ನ ಗುರುತುಗಳನ್ನೂ ಅವುಗಳ ವಿಳಾಸಗಳನ್ನೂ ಪಟ್ಟಿ ಮಾಡಿ ಪ್ರಕಟಿಸಿದ ಕಡತವನ್ನು ಸ್ಫಿಂಕ್ಸ್‌ನ ಇಂಟರ್‌ಸ್ಫಿಂಕ್ಸ್ ಎಂಬ ವಿಸ್ತರಣೆ ಓದಿಕೊಳ್ಳುತ್ತದೆ.

ಹೆಸರೂ ಬದಲಾಗುತ್ತದಲ್ಲ ಎನ್ನಬಹುದು. ಬದಲಾಗುವುದು ಶೀರ್ಷಿಕೆ. ಐಹೊಳೆಯ ದುರ್ಗಾ ಗುಡಿಗೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಕೋಟೆಯಿಂದ. ವರ್ಣನೆಯಾಗಿ ಅದು ದಾರಿ ತಪ್ಪಿಸುತ್ತದೆ, ಗುರುತಾಗಿ ಯಾರನ್ನೂ ತಪ್ಪಿಸಿಲ್ಲ. ಸ್ಫಿಂಕ್ಸ್ ಶೀರ್ಷಿಕೆ, ಗುರುತು ಎರಡನ್ನೂ ಬೇರೆಯಾಗಿಯೇ ಇಡುತ್ತದೆ. ಹುಡುಕುಯಂತ್ರ ಇರುವಾಗ ಕೊಂಡಿ ಯಾಕೆ ಎಂಬ ಮಾತಿನಲ್ಲಿ ಅಷ್ಟು ಹುರುಳಿಲ್ಲ: ಯಂತ್ರ ಪದ ಹೊಂದುವುದನ್ನೆಲ್ಲ ತಂದು ಸುರಿಯುತ್ತದೆ, ಕೊಂಡಿಯಲ್ಲಿ ಬರೆದವನ ವಿವೇಚನೆ ಇರುತ್ತದೆ. ಗುರುತು ಕಾಣೆಯಾದರೆ ಕೈಪಿಡಿ ಸಿದ್ಧವಾಗುವಾಗಲೇ ಎಚ್ಚರಿಕೆಯೂ ಬರುತ್ತದೆ.

ಗಟ್ಟಿಯಾದ ಆಕ್ಷೇಪ ಬೇರೆ. ನಾವು ಕೊಂಡಿ ಹಾಕಿದೆವೆಂದು ಇನ್ನೊಂದು ಯೋಜನೆಯವರು ಗುರುತು ಕಾಯಬೇಕೆ? ಕಾಯಬೇಕು ಎಂದೇ ನನ್ನ ವಾದ. ಪಟ್ಟಿ ಪ್ರಕಟಿಸಿದ ದಿನವೇ ಅವರು ಮಾತು ಕೊಟ್ಟಂತಾಯಿತು. ಯಾರು ಎಲ್ಲಿಂದ ಕೊಂಡಿ ಹಾಕಿದ್ದಾರೆಂದು ಅವರಿಗೆ ತಿಳಿಯದು. ಹಾಗಾಗಿ ಅಳಿಸಿದರೆ ಯಾರಿಗೆ ಕೇಡಾಯಿತೆಂದೂ ತಿಳಿಯದು. ಒಂದೇ ವಿಭಾಗಕ್ಕೆ ಎರಡು ಗುರುತು ಇಡಲು ಸ್ಫಿಂಕ್ಸ್ ಬಿಡುತ್ತದೆ. ಹೊಸದರ ಪಕ್ಕ ಹಳೆಯದನ್ನೂ ಉಳಿಸಿಕೊಳ್ಳಲು ಬೇಕಾದದ್ದು ಒಂದು ಸಾಲು.